ಮಧ್ಯಯುಗದ ಹಳ್ಳಿಯ ಇಗರ್ಜಿಯ ಒಳಾಂಗಣ ಮತ್ತು ಛಾಯಾಚಿತ್ರದ ಸಾಕ್ಷ್ಯ: ಕೆಂಪ್ಲಿಯ ಸೇಂಟ್ ಮೇರಿ ಇಗರ್ಜಿಯ ನಿದರ್ಶನ

೧

ಶಾಸನಗಳನ್ನು ಅಭ್ಯಸಿಸುವವರಿಗೆ ಪಡಿಯಚ್ಚು ಎಂತಹ ಆಧಾರವೋ, ಕಟ್ಟಡಗಳನ್ನೂ ಭಿತ್ತಿಚಿತ್ರಗಳನ್ನೂ ಅಭ್ಯಸಿಸುವವರಿಗೆ ಛಾಯಾಚಿತ್ರವೂ ಅಂತಹುದೇ ಆಧಾರ. ಯೂರೋಪಿನ ಮಧ್ಯಯುಗದ ಕಲೆಯನ್ನು ಇಲ್ಲಿ ಕುಳಿತು ಪಾಠ ಹೇಳುವ ನಾವು ಬಹುಮಟ್ಟಿಗೆ ಛಾಯಾಚಿತ್ರಗಳನ್ನೇ ನಂಬಿದ್ದೇವೆ. ಆದರೆ ಪಡಿಯಚ್ಚಿನ ವಿಷಯದಲ್ಲಿ ನಾವು ತೋರುವ ಎಚ್ಚರವನ್ನು ಛಾಯಾಚಿತ್ರದ ವಿಷಯದಲ್ಲಿ ತೋರುವುದು ಅಪರೂಪ. ಪಡಿಯಚ್ಚು ಕೈಗೆ ಬಂದೊಡನೆ, ಕಾಗದ ಸುಕ್ಕಾಗಿದೆಯೇ, ಮಸಿ ಅಕ್ಷರದ ಒಳಗೆ ಇಳಿದಿದೆಯೇ, ಕಲ್ಲಿನ ಬಿರುಕನ್ನು ಅಕ್ಷರವೆಂದು ಭ್ರಮಿಸಿದ್ದೇವೆಯೇ ಎಂದು ಕೇಳುತ್ತೇವೆ. ಛಾಯಾಚಿತ್ರ ಕಣ್ಣ ಮುಂದೆ ಬಂದರೆ ಕಟ್ಟಡವೇ ಎದುರಿಗೆ ನಿಂತಿತೆಂದು ತಿಳಿದು ವರ್ಣನೆಗೆ ತೊಡಗುತ್ತೇವೆ.

ವಾಸ್ತವವಾಗಿ ಛಾಯಾಚಿತ್ರವೂ ಒಂದು ಪಡಿಯಚ್ಚೇ. ಕಾಗದ ಕಲ್ಲನ್ನು ಮುಟ್ಟಿದರೆ ಫಿಲ್ಮು ಬೆಳಕನ್ನು ಮುಟ್ಟುತ್ತದೆ, ವ್ಯತ್ಯಾಸ ಇಷ್ಟೆ. ಆ ಬೆಳಕು ಎಲ್ಲಿಂದ ಬಂತು, ಎಷ್ಟು ಹೊತ್ತು ಬಂತು, ಫಿಲ್ಮು ಅದರಲ್ಲಿ ಯಾವ ಪಾಲನ್ನು ಸ್ವೀಕರಿಸಿತು, ಯಾವ ಪಾಲನ್ನು ಬಿಟ್ಟಿತು ಎಂಬುದನ್ನು ತಿಳಿಯದೆ ಚಿತ್ರವನ್ನು ಓದಲಾಗದು. ಹಳ್ಳಿಯ ಪುರಾತನ ಇಗರ್ಜಿಯ ಕತ್ತಲುಗವಿದ ಒಳಾಂಗಣದಲ್ಲಿ ಈ ಪ್ರಶ್ನೆಗಳು ಅತ್ಯಂತ ತೀವ್ರವಾಗಿ ಏಳುತ್ತವೆ. ಆದುದರಿಂದ ಒಂದು ನಿದರ್ಶನವನ್ನು ಮುಂದಿಟ್ಟುಕೊಂಡು, ಅಂತಹ ಒಳಾಂಗಣವನ್ನು ಫಿಲ್ಮಿನ ಮೇಲೆ ಚಿತ್ರಿಸುವ ಕ್ರಮವನ್ನೂ, ಆ ಕ್ರಮವನ್ನು ಅರಿತರೆ ಇತಿಹಾಸದ ವಿದ್ಯಾರ್ಥಿಗೆ ಆಗುವ ಪ್ರಯೋಜನವನ್ನೂ ಈ ಲೇಖನದಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

೨

ನಾವು ಆರಿಸಿಕೊಂಡಿರುವ ನಿದರ್ಶನ ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್ ಪ್ರಾಂತದ ಕೆಂಪ್ಲಿ ಎಂಬ ಹಳ್ಳಿಯ ಸೇಂಟ್ ಮೇರಿ ಇಗರ್ಜಿ. ಇದು ೧೨ನೆಯ ಶತಮಾನದ ಪೂರ್ವಾರ್ಧದಲ್ಲಿ ನಾರ್ಮನ್ ಶೈಲಿಯಲ್ಲಿ ಕಟ್ಟಿದ ಸಣ್ಣ ಕಟ್ಟಡ. ಭಕ್ತರು ಸೇರುವ ಸಭಾಂಗಣಕ್ಕೆ 'ನೇವ್' ಎಂದೂ, ಅದರ ಪೂರ್ವಕ್ಕೆ ಬಲಿಪೀಠವಿರುವ ಚಿಕ್ಕ ಅಂಕಣಕ್ಕೆ 'ಛಾನ್ಸೆಲ್' ಎಂದೂ ಹೆಸರು. ನಮ್ಮ ದೇವಾಲಯಗಳ ನವರಂಗ ಮತ್ತು ಗರ್ಭಗೃಹಗಳನ್ನು ನೆನೆದರೆ ಇವುಗಳ ಪರಸ್ಪರ ಸಂಬಂಧ ಸ್ಥೂಲವಾಗಿ ಮನಸ್ಸಿಗೆ ಬರುತ್ತದೆ. ಎರಡರ ನಡುವೆ ಕೆತ್ತನೆಯ ಕಮಾನೊಂದಿದೆ. ನೇವ್‌ನ ಮೇಲಿನ ಮರದ ಚಾವಣಿಯ ತೊಲೆಗಳನ್ನು ಮರದ ಉಂಗುರಗಳ ಎಣಿಕೆಯಿಂದ ಪರೀಕ್ಷಿಸಿದಾಗ ಅವು ೧೧೨೦ರಿಂದ ೧೧೫೦ರ ನಡುವಣ ಕಾಲದವೆಂದು ತಿಳಿದುಬಂದಿದೆ. ಬ್ರಿಟನ್ನಿನಲ್ಲಿ ಉಳಿದಿರುವ ಅತ್ಯಂತ ಹಳೆಯ ಮರದ ಚಾವಣಿಗಳ ಸಾಲಿನಲ್ಲಿ ಅದಕ್ಕೆ ಮೊದಲ ಸ್ಥಾನವನ್ನು ಕೊಡುವುದು ವಾಡಿಕೆ.

ಕೆಂಪ್ಲಿಯ ಖ್ಯಾತಿಗೆ ಮುಖ್ಯ ಕಾರಣ ಛಾನ್ಸೆಲ್‌ನ ಭಿತ್ತಿಚಿತ್ರಗಳು. ಪೀಪಾಯಿಯನ್ನು ಉದ್ದಕ್ಕೆ ಸೀಳಿ ಬೋರಲಿಟ್ಟಂತಿರುವ ಅದರ ಕಲ್ಲಿನ ಚಾವಣಿಯ ನಡುವೆ, ಕಾಮನಬಿಲ್ಲಿನ ಮೇಲೆ ಆಸೀನನಾದ ಕ್ರಿಸ್ತನ ಮಹಿಮಾಮೂರ್ತಿ ಇದೆ. ಅವನ ಸುತ್ತ ಸೂರ್ಯ, ಚಂದ್ರ, ನಕ್ಷತ್ರಗಳು, ಏಳು ದೀಪಸ್ತಂಭಗಳು, ನಾಲ್ವರು ಸುವಾರ್ತಾಕಾರರ ಸಂಕೇತಗಳಾದ ರೆಕ್ಕೆಯುಳ್ಳ ಜೀವಿಗಳು ಇವೆ. ಉತ್ತರ ದಕ್ಷಿಣದ ಗೋಡೆಗಳಲ್ಲಿ ಕುಳಿತಿರುವ ಅಪೊಸ್ತಲರು ಕತ್ತೆತ್ತಿ ಆ ಮೂರ್ತಿಯನ್ನೇ ನೋಡುತ್ತಿದ್ದಾರೆ. ಇವು ಹಸಿ ಸುಣ್ಣದ ಗಾರೆಯ ಮೇಲೆ ಬಣ್ಣವಿಟ್ಟು, ಗಾರೆ ಒಣಗಿದಂತೆಲ್ಲ ಬಣ್ಣವೂ ಅದರೊಡನೆ ಕಲ್ಲಾಗುವಂತೆ ಮಾಡಿದ ಶುದ್ಧ ಫ್ರೆಸ್ಕೋ ಚಿತ್ರಗಳು. ನೇವ್‌ನ ಗೋಡೆಗಳಲ್ಲಿರುವ ಜೀವನಚಕ್ರ, ಆತ್ಮಗಳನ್ನು ತೂಗುವ ಸಂತ ಮೈಕಲ್ ಮೊದಲಾದ ಚಿತ್ರಗಳು ಅನಂತರದ ಕಾಲದವು. ಒಣಗಿದ ಸುಣ್ಣದ ಮೇಲೆ ಬರೆದವು.

ಧರ್ಮಸುಧಾರಣೆಯ ಕಾಲದಲ್ಲಿ ಈ ಚಿತ್ರಗಳ ಮೇಲೆ ಸುಣ್ಣ ಬಳಿಯಲಾಯಿತು. ೧೮೭೨ರಲ್ಲಿ ಅವು ಮತ್ತೆ ಬೆಳಕಿಗೆ ಬಂದುವು. ಆದರೆ ಬೆಳಕಿಗೆ ತಂದವರ ಕಾಲದಲ್ಲಿಯೇ ರಕ್ಷಣೆಗೆಂದು ಅವುಗಳ ಮೇಲೆ ವಾರ್ನಿಷು ಬಳಿಯಲಾಯಿತು. ಆ ಲೇಪವನ್ನು ೧೯೫೫ರಲ್ಲಿ ತೆಗೆದು ಚಿತ್ರಗಳನ್ನು ಶುಚಿಗೊಳಿಸಿದರು. ೧೯೦೩ರಲ್ಲಿ ಊರಿಗೆ ಹತ್ತಿರವಾಗಿ ಹೊಸ ಇಗರ್ಜಿಯೊಂದು ಸಿದ್ಧವಾದುದರಿಂದ ಹಳೆಯದರ ನಿತ್ಯಬಳಕೆ ಕಡಿಮೆಯಾಯಿತು. ಈಗ ಅದು ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯ ರಕ್ಷಣೆಯಲ್ಲಿದೆ.

ಈ ಸಂಗತಿಗಳಿಂದ ಒಂದು ಪರಿಣಾಮ ತಾನಾಗಿಯೇ ಹೊರಡುತ್ತದೆ. ೧೮೭೨ಕ್ಕೂ ೧೯೫೫ಕ್ಕೂ ನಡುವೆ ತೆಗೆದ ಕೆಂಪ್ಲಿಯ ಚಿತ್ರದಲ್ಲಿ ಕಾಣುವ ಮಬ್ಬು, ಹೊಳಪು, ಕಂದುಛಾಯೆಗಳು ೧೨ನೆಯ ಶತಮಾನದ ಚಿತ್ರಕಾರನವಲ್ಲ, ೧೯ನೆಯ ಶತಮಾನದ ವಾರ್ನಿಷಿನವು ಆಗಿರಬಹುದು. ಚಿತ್ರದ ಕೆಳಗೆ ತೆಗೆದ ವರ್ಷವಿಲ್ಲದಿದ್ದರೆ ಅದನ್ನು ನಂಬಿ ಬಣ್ಣದ ವಿಷಯವಾಗಿ ಒಂದು ವಾಕ್ಯ ಬರೆಯುವುದೂ ಅಪಾಯಕರ. ಇಂತಹ ಪ್ರಸಂಗ ಇಂಗ್ಲೆಂಡಿಗೆ ಮಾತ್ರ ಸೀಮಿತವಲ್ಲ. ಕೆಂಪ್ಲಿಯ ಚಿತ್ರಗಳು ಹೊರಬಿದ್ದ ೧೮೭೨ರಲ್ಲಿಯೇ ಜಾನ್ ಗ್ರಿಫಿತ್ಸ್ ಅವರು ತಮ್ಮ ಶಿಷ್ಯರೊಡನೆ ಅಜಂತೆಯ ಭಿತ್ತಿಚಿತ್ರಗಳ ಪ್ರತಿಮಾಡುವ ಕಾರ್ಯಕ್ಕೆ ತೊಡಗಿದರು. ಅಲ್ಲಿಯೂ ಪ್ರತಿಮಾಡುವವರು ವಾರ್ನಿಷು ಬಳಿದುದರಿಂದ ಮೂಲಚಿತ್ರಗಳು ಮಬ್ಬಾದುವೆಂಬುದು ಸುವಿದಿತ.

೩

ಇನ್ನು ಬೆಳಕಿನ ವಿಚಾರ. ಇಗರ್ಜಿಯ ಬಲಿಪೀಠ ಪೂರ್ವದಿಕ್ಕಿನಲ್ಲಿರುವುದು ಮಧ್ಯಯುಗದ ಸಾಮಾನ್ಯ ಕ್ರಮ. ಛಾನ್ಸೆಲನ್ನು ಚಿತ್ರಿಸಬೇಕಾದವನು ನೇವ್‌ನ ಪಶ್ಚಿಮ ತುದಿಯಲ್ಲಿ ನಿಂತು ಪೂರ್ವಕ್ಕೆ ಮುಖಮಾಡಬೇಕಾಗುತ್ತದೆ. ಆಗ ಪೂರ್ವದ ಕಿಟಕಿ ಅವನಿಗೆ ನೇರವಾಗಿ ಎದುರಾಗುತ್ತದೆ. ಬೆಳಗಿನ ಹೊತ್ತಿನಲ್ಲಿ ಸೂರ್ಯನ ಕಿರಣ ಆ ಕಿಟಕಿಯಿಂದ ಲೆನ್ಸಿನೊಳಕ್ಕೆ ನುಗ್ಗಿ, ಕಿಟಕಿಯ ಸುತ್ತಲಿನ ಗೋಡೆಯನ್ನು ಮಂಜಿನಿಂದ ಮುಚ್ಚಿದಂತೆ ಮಾಡುತ್ತದೆ. ಆದುದರಿಂದ ಪೂರ್ವಾಭಿಮುಖವಾದ ಚಿತ್ರಕ್ಕೆ ಮಧ್ಯಾಹ್ನಾನಂತರದ ಕಾಲ ಯೋಗ್ಯ. ಪಶ್ಚಿಮಾಭಿಮುಖವಾದುದಕ್ಕೆ ಬೆಳಗಿನ ಕಾಲ ಯೋಗ್ಯ.

ಋತುವಿನ ಪ್ರಭಾವವೂ ಕಡಿಮೆಯದಲ್ಲ. ಕೆಂಪ್ಲಿ ಸುಮಾರು ೫೨ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಜೂನ್ ತಿಂಗಳ ಕೊನೆಯ ಭಾಗದಲ್ಲಿ ನಡುಹಗಲಿನ ಸೂರ್ಯ ಅಲ್ಲಿ ಕ್ಷಿತಿಜದಿಂದ ಸುಮಾರು ೬೧ ಡಿಗ್ರಿ ಎತ್ತರಕ್ಕೆ ಏರಿದರೆ, ಡಿಸೆಂಬರಿನಲ್ಲಿ ೧೫ ಡಿಗ್ರಿಯನ್ನೂ ಮುಟ್ಟುವುದಿಲ್ಲ. ಬೇಸಗೆಯಲ್ಲಿ ದಕ್ಷಿಣದ ಕಿಟಕಿಯಿಂದ ಬಂದ ಬಿಸಿಲು ನೆಲದ ಮೇಲೆ ಬೀಳುತ್ತದೆ. ನೆಲದಿಂದ ಪ್ರತಿಫಲಿಸಿ ಕೆಳಗಿನಿಂದ ಮೇಲಕ್ಕೆ ಚಾವಣಿಯನ್ನು ಬೆಳಗುತ್ತದೆ. ಚಳಿಗಾಲದಲ್ಲಿ ಅದೇ ಬಿಸಿಲು ಅಡ್ಡಲಾಗಿ ಹಾಯ್ದು ಎದುರಿನ ಗೋಡೆಯನ್ನೇ ಮುಟ್ಟಬಹುದು. ಒಂದೇ ಸ್ಥಳದಿಂದ ತೆಗೆದ ಎರಡು ಚಿತ್ರಗಳಲ್ಲಿ ಒಂದರಲ್ಲಿ ಚಾವಣಿಯ ಮೂರ್ತಿ ಪ್ರಧಾನವಾಗಿಯೂ ಇನ್ನೊಂದರಲ್ಲಿ ಗೋಡೆಯ ಸಂತರು ಪ್ರಧಾನರಾಗಿಯೂ ತೋರಿದರೆ ಆಶ್ಚರ್ಯಪಡಬೇಕಾಗಿಲ್ಲ.

ಅನುಭವಿಗಳಾದ ಛಾಯಾಗ್ರಾಹಕರು ತೆಳುಮೋಡ ಕವಿದ ದಿನವನ್ನು ಬಯಸುತ್ತಾರೆ. ಆಗ ಇಡೀ ಆಕಾಶವೇ ದೀಪವಾಗಿ, ಮೆದುವಾದ ಬೆಳಕು ಎಲ್ಲ ಕಿಟಕಿಗಳಿಂದಲೂ ಹೆಚ್ಚು ಕಡಿಮೆ ಸಮನಾಗಿ ಬರುತ್ತದೆ. ಸಾಕ್ಷ್ಯದ ದೃಷ್ಟಿಯಿಂದ ಇದೇ ಉತ್ತಮ. ಆದರೆ ಕಟ್ಟಿದವರು ಉದ್ದೇಶಪೂರ್ವಕವಾಗಿ ಕಿಟಕಿಯನ್ನು ಒಂದೆಡೆ ಇಟ್ಟು, ಇಂತಹ ಹೊತ್ತಿನಲ್ಲಿ ಇಂತಹ ಕಡೆ ಬೆಳಕು ಬೀಳಲಿ ಎಂದು ಯೋಚಿಸಿದ್ದರೆ, ಮೋಡದ ದಿನದ ಚಿತ್ರ ಆ ಯೋಚನೆಯನ್ನು ಮರೆಮಾಡುತ್ತದೆ ಎಂಬುದನ್ನೂ ಮರೆಯಬಾರದು.

೪

ಬೆಳಕು ಮಂದವಾಗಿರುವಾಗ ಫಿಲ್ಮನ್ನು ಹೆಚ್ಚು ಹೊತ್ತು ಅದಕ್ಕೆ ಒಡ್ಡಬೇಕಾಗುತ್ತದೆ. ಇದು ಎಲ್ಲರಿಗೂ ತಿಳಿದ ವಿಷಯ. ಎಷ್ಟು ಹೆಚ್ಚು ಎಂಬಲ್ಲಿ ಮಾತ್ರ ಒಂದು ತೊಡಕಿದೆ. ೧೮೬೨ರಲ್ಲಿ ಬುನ್ಸೆನ್ ಮತ್ತು ರಾಸ್ಕೋ ಎಂಬ ವಿಜ್ಞಾನಿಗಳು, ಬೆಳಕಿನಿಂದಾಗುವ ರಾಸಾಯನಿಕ ಪರಿಣಾಮವು ಬೆಳಕಿನ ತೀವ್ರತೆ ಮತ್ತು ಕಾಲ ಇವೆರಡರ ಗುಣಲಬ್ಧಕ್ಕೆ ಅನುಗುಣವಾಗಿರುತ್ತದೆಂಬ ನಿಯಮವನ್ನು ಪ್ರತಿಪಾದಿಸಿದರು. ಅದರಂತೆ ಬೆಳಕು ಅರ್ಧವಾದರೆ ಕಾಲವನ್ನು ಇಮ್ಮಡಿ ಮಾಡಿದರೆ ಸಾಕು. ಆದರೆ ೧೯ನೆಯ ಶತಮಾನದ ಕೊನೆಯಲ್ಲಿ, ಮಂದವಾದ ನಕ್ಷತ್ರಗಳ ಛಾಯಾಚಿತ್ರಗಳನ್ನು ಪರಿಶೀಲಿಸುತ್ತಿದ್ದ ಜರ್ಮನ್ ಖಗೋಳವಿಜ್ಞಾನಿ ಕಾರ್ಲ್ ಶ್ವಾರ್ಟ್ಸ್‌ಶಿಲ್ಡ್ ಅವರು ಈ ನಿಯಮ ದೀರ್ಘಕಾಲದ ಎಕ್ಸ್‌ಪೋಷರುಗಳಲ್ಲಿ ಕೆಲಸಮಾಡುವುದಿಲ್ಲವೆಂದು ತೋರಿಸಿಕೊಟ್ಟರು.

ಇದಕ್ಕೆ ಕಾರಣ ಫಿಲ್ಮಿನ ಸ್ವಭಾವದಲ್ಲಿಯೇ ಇದೆ. ಫಿಲ್ಮಿನ ಜೆಲಟಿನ್ ಪೊರೆಯಲ್ಲಿ ಬೆಳ್ಳಿಯ ಲವಣದ ಸೂಕ್ಷ್ಮ ಹರಳುಗಳಿರುತ್ತವೆ. ಬೆಳಕಿನ ಕಣಗಳು ಒಂದಾದಮೇಲೊಂದರಂತೆ ಬೇಗಬೇಗನೆ ಬಂದು ಬಡಿದಾಗ ಹರಳಿನಲ್ಲಿ ಬೆಳ್ಳಿಯ ಕೆಲವು ಪರಮಾಣುಗಳು ಒಂದುಗೂಡಿ ಸ್ಥಿರವಾದ ಚುಕ್ಕೆಯಾಗುತ್ತದೆ. ಡೆವಲಪರ್ ದ್ರಾವಣ ಆ ಚುಕ್ಕೆಯನ್ನು ಆಧಾರವಾಗಿಟ್ಟುಕೊಂಡು ಇಡೀ ಹರಳನ್ನು ಬೆಳ್ಳಿಯಾಗಿ ಪರಿವರ್ತಿಸುತ್ತದೆ. ಬೆಳಕಿನ ಕಣಗಳು ತೀರ ವಿರಳವಾಗಿ ಬಂದರೆ, ಎರಡನೆಯದು ಬರುವ ಮೊದಲೇ ಮೊದಲನೆಯದರ ಪರಿಣಾಮ ಅಳಿಸಿಹೋಗುತ್ತದೆ. ಹೀಗೆ ಬಂದ ಬೆಳಕಿನಲ್ಲಿ ಸ್ವಲ್ಪಭಾಗ ವ್ಯರ್ಥವಾಗುವುದರಿಂದ ಕಾಲವನ್ನು ಲೆಕ್ಕಕ್ಕಿಂತ ಹೆಚ್ಚಿಸಬೇಕಾಗುತ್ತದೆ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಇಲ್ಫರ್ಡ್ ಹೆಸರಿನಲ್ಲಿ ಇಂದಿಗೂ ತಯಾರಾಗುತ್ತಿರುವ ಎಫ್‌ಪಿ೪ ಪ್ಲಸ್ ಎಂಬ ಕಪ್ಪು-ಬಿಳುಪು ಫಿಲ್ಮಿಗೆ ತಯಾರಕರು ಕೊಟ್ಟಿರುವ ಸೂತ್ರದ ಪ್ರಕಾರ, ಮಾಪಕ ತೋರಿಸಿದ ಕಾಲವನ್ನು ೧.೨೬ರ ಘಾತಕ್ಕೆ ಏರಿಸಿದರೆ ನಿಜವಾಗಿ ಬೇಕಾದ ಕಾಲ ದೊರೆಯುತ್ತದೆ. ಮಾಪಕ ೧೦ ಸೆಕೆಂಡು ಎಂದರೆ ೧೮ ಸೆಕೆಂಡು ಬೇಕು. ೩೦ ಎಂದರೆ ಸುಮಾರು ೭೩ ಬೇಕು. ೬೦ ಎಂದರೆ ಸುಮಾರು ೧೭೪, ಅಂದರೆ ಮೂರು ನಿಮಿಷಕ್ಕೆ ಹತ್ತಿರ. ಲೆನ್ಸಿನ ರಂಧ್ರವನ್ನು ಎಫ್ ೨೨ಕ್ಕೆ ಕಿರಿದುಗೊಳಿಸಿದಾಗ ಮಂದವಾದ ಒಳಾಂಗಣದಲ್ಲಿ ಮಾಪಕ ಒಂದು ನಿಮಿಷವನ್ನು ತೋರಿಸುವುದು ಅಸಾಧಾರಣವೇನಲ್ಲ. ಈ ತಿದ್ದುಪಡಿಯನ್ನು ಮಾಡದವನಿಗೆ ಗೋಡೆಯ ಮೂಲೆಗಳೂ ಚಾವಣಿಯ ಬುಡವೂ ಬರಿಯ ಕಪ್ಪಾಗಿ ದೊರೆಯುತ್ತವೆ. ಆ ಕಪ್ಪಿನಲ್ಲಿ ಚಿತ್ರವಿತ್ತೇ ಇಲ್ಲವೇ ಎಂಬುದನ್ನು ಅನಂತರ ಯಾರೂ ಹೇಳಲಾರರು. ಚಿತ್ರದಲ್ಲಿ ಕಾಣದಿರುವುದು ಗೋಡೆಯಲ್ಲಿ ಇಲ್ಲದಿರುವುದಕ್ಕೆ ಪ್ರಮಾಣವಲ್ಲ ಎಂಬ ಸೂತ್ರವನ್ನು ವಿದ್ಯಾರ್ಥಿಗಳು ಇಲ್ಲಿಯೇ ಮನವರಿಕೆ ಮಾಡಿಕೊಳ್ಳತಕ್ಕದ್ದು.

ಮೂರು ನಿಮಿಷದ ಎಕ್ಸ್‌ಪೋಷರಿಗೆ ಕೈಯಲ್ಲಿ ಹಿಡಿದ ಕ್ಯಾಮೆರಾ ಸಾಲದು. ಭಾರವಾದ ಮೂರು ಕಾಲಿನ ಸ್ಟ್ಯಾಂಡು ಅವಶ್ಯ. ಅದನ್ನು ಕಲ್ಲುಹಾಸಿನ ಮೇಲೆ ನಿಲ್ಲಿಸಬೇಕು. ಪೀಠಗಳ ಕೆಳಗಿನ ಮರದ ಹಲಗೆಯ ಮೇಲೆ ನಿಲ್ಲಿಸಿದರೆ ಯಾರಾದರೂ ನಡೆದೊಡನೆ ಅದು ಕಂಪಿಸುತ್ತದೆ. ನಡುವೆ ಮೋಡ ಸರಿದು ಬಿಸಿಲು ಮೂಡಿದರೆ ಲೆನ್ಸಿನ ಮುಂದೆ ಕಪ್ಪು ರಟ್ಟನ್ನು ಹಿಡಿದು ಕಾಯ್ದು, ಮತ್ತೆ ಮೋಡ ಕವಿದ ಮೇಲೆ ಉಳಿದ ಕಾಲವನ್ನು ಪೂರೈಸುವುದು ರೂಢಿ. ಇಷ್ಟು ದೀರ್ಘಕಾಲದಲ್ಲಿ ಒಳಗೆ ಹಾದುಹೋದ ಮನುಷ್ಯ ಫಿಲ್ಮಿನಲ್ಲಿ ಉಳಿಯುವುದಿಲ್ಲ. ಆದುದರಿಂದಲೇ ಹಳೆಯ ಚಿತ್ರಗಳಲ್ಲಿ ಇಗರ್ಜಿಗಳೆಲ್ಲ ನಿರ್ಜನವಾಗಿ ತೋರುತ್ತವೆ. ಆ ನಿರ್ಜನತೆ ಅನೇಕ ವೇಳೆ ಫಿಲ್ಮಿನ ಗುಣವೇ ಹೊರತು ಕಟ್ಟಡದ ಗುಣವಲ್ಲ.

೫

ಕತ್ತಲೆಗಿಂತಲೂ ಕಠಿನವಾದ ಸಮಸ್ಯೆಯೆಂದರೆ ಕತ್ತಲೆ ಮತ್ತು ಬೆಳಕುಗಳ ಅಂತರ. ಕಿಟಕಿಯ ಗಾಜಿಗೂ ಅದರ ಪಕ್ಕದ ಗೋಡೆಯ ನೆರಳಿಗೂ ನೂರಾರು ಪಟ್ಟು ವ್ಯತ್ಯಾಸವಿರಬಹುದು. ಮನುಷ್ಯನ ಕಣ್ಣು ಒಂದೊಂದನ್ನೇ ನೋಡಿ ಹೊಂದಿಕೊಳ್ಳುತ್ತದೆ; ಫಿಲ್ಮಿಗೆ ಆ ಸೌಲಭ್ಯವಿಲ್ಲ. ಈ ಸಮಸ್ಯೆ ಛಾಯಾಚಿತ್ರಕಲೆಯಷ್ಟೇ ಹಳೆಯದು. ಇಂದು ಉಳಿದಿರುವ ಅತ್ಯಂತ ಹಳೆಯ ಕ್ಯಾಮೆರಾ ನೆಗೆಟಿವು ಎಂದರೆ ೧೮೩೫ರ ಆಗಸ್ಟಿನಲ್ಲಿ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಅವರು ತಮ್ಮ ಮನೆಯಾದ ಲೇಕಾಕ್ ಆಬಿಯಲ್ಲಿ ತೆಗೆದುದು. ಆ ಮನೆ ಮಧ್ಯಯುಗದಲ್ಲಿ ಕ್ರೈಸ್ತ ಸಂನ್ಯಾಸಿನಿಯರ ಮಠವಾಗಿತ್ತು. ಅವರು ಆರಿಸಿದ ವಸ್ತು, ಒಳಗಿನಿಂದ ಕಾಣುವ ಜಾಲರಿಯ ಕಿಟಕಿ. ಪುಟ್ಟದಾದ ಆ ಕಾಗದದಲ್ಲಿ ಕಿಟಕಿಯ ಗಾಜಿನ ತುಂಡುಗಳನ್ನು ಎಣಿಸಬಹುದಾಗಿತ್ತು. ಕೋಣೆಯ ಒಳಭಾಗ ಮಾತ್ರ ಏನೂ ಮೂಡಲಿಲ್ಲ. ಕಿಟಕಿಯನ್ನು ಹಿಡಿದರೆ ಕೋಣೆ ಹೋಗುತ್ತದೆ, ಕೋಣೆಯನ್ನು ಹಿಡಿದರೆ ಕಿಟಕಿ ಹೋಗುತ್ತದೆ ಎಂಬ ಇಬ್ಬಂದಿ ಅಂದೇ ಎದುರಾಗಿತ್ತು.

ಇದಕ್ಕೆ ಅನುಭವದಿಂದ ಕಂಡುಕೊಂಡ ಪರಿಹಾರವು ಹೀಗಿದೆ: ಎಕ್ಸ್‌ಪೋಷರನ್ನು ನೆರಳಿಗೆ ತಕ್ಕಂತೆ ಕೊಡಬೇಕು, ಡೆವಲಪ್ ಮಾಡುವ ಕಾಲವನ್ನು ಬೆಳಕಿಗೆ ತಕ್ಕಂತೆ ಮಿತಗೊಳಿಸಬೇಕು. ನೆರಳಿನಲ್ಲಿರುವ ವಿವರಗಳು ಡೆವಲಪರಿನಲ್ಲಿ ಬೇಗ ಪೂರ್ಣವಾಗುತ್ತವೆ. ಕಿಟಕಿಯಂತಹ ಉಜ್ಜ್ವಲ ಭಾಗಗಳು ಮಾತ್ರ ಹೊತ್ತು ಕಳೆದಂತೆಲ್ಲ ದಟ್ಟವಾಗುತ್ತ ಹೋಗುತ್ತವೆ. ಆದುದರಿಂದ ಡೆವಲಪರಿನಿಂದ ಬೇಗ ಹೊರತೆಗೆದರೆ ನೆರಳು ನಷ್ಟವಾಗದೆ ಕಿಟಕಿಯೂ ಉಳಿಯುತ್ತದೆ. ಅಮೆರಿಕದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ ಅವರು ೧೯೪೦ರ ಸುಮಾರಿಗೆ ಇದನ್ನೇ 'ವಲಯ ಪದ್ಧತಿ' ಎಂಬ ಕ್ರಮಬದ್ಧ ಶಾಸ್ತ್ರವಾಗಿ ರೂಪಿಸಿದರು. ಹಿಂದೆ ಹೇಳಿದ ದೀರ್ಘಕಾಲದ ದೋಷ ನೆರಳನ್ನು ಹೆಚ್ಚಾಗಿಯೂ ಬೆಳಕನ್ನು ಕಡಿಮೆಯಾಗಿಯೂ ಬಾಧಿಸುವುದರಿಂದ, ಒಳಾಂಗಣದ ನೆಗೆಟಿವುಗಳಲ್ಲಿ ಈ ಅಂತರ ಮತ್ತಷ್ಟು ಹೆಚ್ಚುತ್ತದೆ; ಮಿತವಾದ ಡೆವಲಪಿಂಗು ಅಲ್ಲಿ ಇಮ್ಮಡಿ ಅಗತ್ಯ.

೬

ಬಣ್ಣದ ಚಿತ್ರವನ್ನು ಕಪ್ಪು-ಬಿಳುಪು ಫಿಲ್ಮಿಗೆ ಇಳಿಸುವಾಗ ಫಿಲ್ಮಿನ ವರ್ಣಗ್ರಹಣಶಕ್ತಿಯನ್ನು ಗಮನಿಸಬೇಕು. ಮೊದಲ ಕಾಲದ ಪ್ಲೇಟುಗಳು ನೀಲಿಯನ್ನು ಮಾತ್ರ ಗ್ರಹಿಸುತ್ತಿದ್ದುವು. ಅನಂತರ ಬಂದ ಆರ್ಥೋಕ್ರೊಮ್ಯಾಟಿಕ್ ಪ್ಲೇಟುಗಳು ಹಸಿರು ಹಳದಿಗಳನ್ನೂ ಗ್ರಹಿಸಿದುವು. ಕೆಂಪು ಅವುಗಳ ಪಾಲಿಗೆ ಕತ್ತಲೆಯಾಗಿಯೇ ಉಳಿಯಿತು. ಎಲ್ಲ ಬಣ್ಣಗಳನ್ನೂ ಗ್ರಹಿಸುವ ಪ್ಯಾಂಕ್ರೊಮ್ಯಾಟಿಕ್ ಪ್ಲೇಟುಗಳನ್ನು ರ‍್ಯಾಟನ್ ಮತ್ತು ವೇನ್‌ರೈಟ್ ಸಂಸ್ಥೆ ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ತಂದುದು ೧೯೦೬ರಲ್ಲಿ.

ಇದರ ಫಲವೇನು? ಇಂಗ್ಲೆಂಡಿನ ಹಳ್ಳಿಯ ಇಗರ್ಜಿಗಳ ಭಿತ್ತಿಚಿತ್ರಗಳಲ್ಲಿ ಬಹುಪಾಲು ಕೆಂಗಾವಿ ಮತ್ತು ಹಳದಿಗಾವಿಗಳ ಕೆಲಸ. ದೂರದೇಶದಿಂದ ತರಿಸಬೇಕಾದ ದುಬಾರಿ ಬಣ್ಣಗಳು ವಿರಳ. ಕೆಂಗಾವಿ ನೀಲಿ ಹಸಿರುಗಳನ್ನು ಹೀರಿಕೊಂಡು ಕೆಂಪನ್ನು ಹಿಂದಕ್ಕೆ ಕಳಿಸುತ್ತದೆ. ಕೆಂಪನ್ನು ಗ್ರಹಿಸದ ಹಳೆಯ ಪ್ಲೇಟಿನಲ್ಲಿ ಅದು ಗಾಢವಾದ ಕಪ್ಪಾಗಿ ಮೂಡುತ್ತದೆ. ಪ್ಯಾಂಕ್ರೊಮ್ಯಾಟಿಕ್ ಫಿಲ್ಮಿನಲ್ಲಿ ಅದೇ ರೇಖೆ ಬೂದುಬಣ್ಣವಾಗಿ, ಸುತ್ತಲಿನ ಗಾರೆಯೊಡನೆ ಬೆರೆತುಹೋಗಬಹುದು. ಹಳೆಯ ಚಿತ್ರದಲ್ಲಿ ಗಟ್ಟಿಯಾಗಿದ್ದ ರೇಖೆಗಳು ಹೊಸ ಚಿತ್ರದಲ್ಲಿ ಮಂಕಾಗಿವೆಯಾದುದರಿಂದ ಈ ನಡುವೆ ಚಿತ್ರ ಮಾಸಿದೆಯೆಂದು ಯಾರಾದರೂ ತೀರ್ಮಾನಿಸಿದರೆ, ಆ ತೀರ್ಮಾನ ಸುಳ್ಳಾಗಿರುವ ಸಂಭವವುಂಟು. ಮಾಸಿದುದು ಗೋಡೆಯೋ, ಬದಲಾದುದು ಫಿಲ್ಮೋ ಎಂಬುದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಬೇಕು.

ಇದೇ ಗುಣವನ್ನು ಉಪಯೋಗಕ್ಕೂ ತಂದುಕೊಳ್ಳಬಹುದು. ಪ್ಯಾಂಕ್ರೊಮ್ಯಾಟಿಕ್ ಫಿಲ್ಮಿನೊಡನೆ ಲೆನ್ಸಿನ ಮುಂದೆ ಹಸಿರು ಫಿಲ್ಟರನ್ನಿಟ್ಟರೆ ಕೆಂಗಾವಿಯ ರೇಖೆಗಳು ಕಪ್ಪಾಗಿ ಎದ್ದು ತೋರುತ್ತವೆ. ಕಣ್ಣಿಗೆ ಸುಲಭವಾಗಿ ಕಾಣದ ಬೆರಳು, ಮಡಿಕೆ, ಅಕ್ಷರಗಳು ಗೋಚರವಾಗುತ್ತವೆ. ಕೆಂಪು ಫಿಲ್ಟರನ್ನಿಟ್ಟರೆ ಅವೇ ರೇಖೆಗಳು ಬಹುಮಟ್ಟಿಗೆ ಮಾಯವಾಗುತ್ತವೆ. ಆದುದರಿಂದ ಸಂಶೋಧನೆಗೆಂದು ತೆಗೆಯುವಾಗ ಫಿಲ್ಟರಿಲ್ಲದೆ ಒಂದು, ಹಸಿರು ಫಿಲ್ಟರಿನೊಡನೆ ಒಂದು ನೆಗೆಟಿವನ್ನಾದರೂ ತೆಗೆಯುವುದು ಲೇಸು. ಬಣ್ಣದ ಫಿಲ್ಮನ್ನು ಬಳಸುವಾಗ ಬೇರೊಂದು ಎಚ್ಚರ ಬೇಕು. ಹಗಲು ಬೆಳಕಿಗೆ ಹೊಂದಿಸಿದ ಫಿಲ್ಮು ವಿದ್ಯುದ್ದೀಪದ ಕೆಳಗೆ ಕಿತ್ತಳೆ ಛಾಯೆಯನ್ನು ತಾಳುತ್ತದೆ. ಒಳಗೆ ದೀಪವೂ ಕಿಟಕಿಯ ಬೆಳಕೂ ಬೆರೆತಿದ್ದರೆ ಒಂದೇ ಗೋಡೆಯಲ್ಲಿ ಎರಡು ಬಣ್ಣ ಕಾಣುತ್ತದೆ. ದೀಪಗಳನ್ನು ಆರಿಸಿ, ಚಿತ್ರದ ಅಂಚಿನಲ್ಲಿ ಬಣ್ಣಗಳ ಮಾದರಿಪಟ್ಟಿಯನ್ನೂ ಅಳತೆಗೋಲನ್ನೂ ಇಟ್ಟು ತೆಗೆಯುವುದೇ ಕ್ಷೇಮಕರ.

೭

ಆಕಾರದ ಯಥಾರ್ಥತೆ ಮತ್ತೊಂದು ಪ್ರಶ್ನೆ. ಎತ್ತರವಾದ ಕಮಾನನ್ನು ಹಿಡಿಯಲೆಂದು ಕ್ಯಾಮೆರಾವನ್ನು ಮೇಲಕ್ಕೆ ವಾಲಿಸಿದರೆ ನೆಟ್ಟಗಿರುವ ಗೋಡೆಗಳು ಮೇಲೆ ಹೋದಂತೆಲ್ಲ ಒಂದಕ್ಕೊಂದು ಬಾಗುತ್ತವೆ. ಹಳೆಯ ಕಟ್ಟಡಗಳಲ್ಲಿ ಗೋಡೆ ನಿಜವಾಗಿಯೂ ವಾಲಿರುವುದುಂಟು. ಅದು ಅಸ್ತಿಭಾರ ಕುಸಿದುದರ ಅಥವಾ ಚಾವಣಿಯ ಒತ್ತಡದ ಲಕ್ಷಣ. ಕ್ಯಾಮೆರಾ ವಾಲಿಸಿ ತೆಗೆದ ಚಿತ್ರದಲ್ಲಿ ನಿಜವಾದ ವಾಲಿಕೆಯನ್ನೂ ಕೃತಕವಾದುದನ್ನೂ ಬೇರ್ಪಡಿಸಲಾಗದು. ತಿದಿಯಂತೆ ಮಡಿಕೆಗಳುಳ್ಳ ದೊಡ್ಡ ಕ್ಯಾಮೆರಾದಲ್ಲಿ, ಹಿಂಬದಿಯನ್ನು ನೆಟ್ಟಗಿಟ್ಟುಕೊಂಡೇ ಲೆನ್ಸನ್ನು ಮಾತ್ರ ಮೇಲಕ್ಕೆ ಸರಿಸುವ ಏರ್ಪಾಡಿರುತ್ತದೆ. ಕಟ್ಟಡಗಳ ಚಿತ್ರಣಕ್ಕೆ ಇಂದಿಗೂ ಕೆಲವರು ನಾಲ್ಕಿಂಚು ಐದಿಂಚಿನ ಹಾಳೆ ಫಿಲ್ಮನ್ನೇ ಬಯಸುವುದಕ್ಕೆ ಇದು ಒಂದು ಕಾರಣ. ಕೆಂಪ್ಲಿಯಂತಹ ವಕ್ರ ಚಾವಣಿಯನ್ನು ಚಿತ್ರಿಸಲು ಕ್ಯಾಮೆರಾವನ್ನು ನೆಲದ ಮೇಲೆ ಮೇಲ್ಮುಖವಾಗಿ ಇಟ್ಟು, ಲೆನ್ಸು ಚಾವಣಿಯ ನಡುರೇಖೆಗೆ ಲಂಬವಾಗಿರುವಂತೆ ಸರಿಪಡಿಸಬೇಕು. ಚಾವಣಿಯ ನೆತ್ತಿ ದೂರದಲ್ಲಿಯೂ ಬದಿಗಳು ಹತ್ತಿರದಲ್ಲಿಯೂ ಇರುವುದರಿಂದ, ಎರಡೂ ಸ್ಫುಟವಾಗಬೇಕಾದರೆ ರಂಧ್ರವನ್ನು ಕಿರಿದುಗೊಳಿಸುವುದು ಅನಿವಾರ್ಯ. ಕಿರಿದುಗೊಳಿಸಿದರೆ ಕಾಲ ಬೆಳೆಯುವುದೂ ಅನಿವಾರ್ಯ.

ಅಗಲವಾದ ನೋಟವುಳ್ಳ ಲೆನ್ಸು ಮತ್ತೊಂದು ಮೋಹ. ಅದು ಹತ್ತಿರವಿರುವುದನ್ನು ದೊಡ್ಡದಾಗಿಸಿ ದೂರವಿರುವುದನ್ನು ಇನ್ನೂ ದೂರ ತಳ್ಳುತ್ತದೆ. ಕೆಲವೇ ಹೆಜ್ಜೆಗಳ ಹಳ್ಳಿಯ ಇಗರ್ಜಿ ಅದರಲ್ಲಿ ಮಹಾದೇಗುಲದಂತೆ ತೋರುತ್ತದೆ. ಆದರೆ ಕೆಂಪ್ಲಿಯ ಅರ್ಥವಿರುವುದೇ ಅದರ ಚಿಕ್ಕತನದಲ್ಲಿ. ಅಷ್ಟು ಕಿರಿದಾದ ಅಂಕಣದಲ್ಲಿ ಅಪೊಸ್ತಲರು ಪಾದ್ರಿಯ ಮಗ್ಗುಲಲ್ಲಿಯೇ ಕುಳಿತಂತಿದ್ದರು; ಸ್ವರ್ಗ ಅವನ ತಲೆಯ ಮೇಲೆಯೇ ಬಾಗಿತ್ತು. ಆ ಸಾಮೀಪ್ಯವನ್ನು ಕಳೆದ ಚಿತ್ರ ಎಷ್ಟು ಸುಂದರವಾದರೂ ಇತಿಹಾಸಕ್ಕೆ ಅಪಚಾರ ಮಾಡುತ್ತದೆ.

ಈ ಸಂದರ್ಭದಲ್ಲಿ ಇಬ್ಬರ ಹೆಸರನ್ನು ಸ್ಮರಿಸುವುದು ಉಚಿತ. ಫ್ರೆಡರಿಕ್ ಎಚ್. ಎವನ್ಸ್ (೧೮೫೩-೧೯೪೩) ಅವರು ಲಂಡನ್ನಿನ ಪುಸ್ತಕವ್ಯಾಪಾರಿಯಾಗಿದ್ದು ೧೮೯೮ರಲ್ಲಿ ಅದನ್ನು ಬಿಟ್ಟು ಮಹಾದೇಗುಲಗಳ ಚಿತ್ರಣಕ್ಕೆ ತೊಡಗಿದವರು. ೧೯೦೩ರಲ್ಲಿ ವೆಲ್ಸ್ ಮಹಾದೇಗುಲದ ಸವೆದ ಮೆಟ್ಟಿಲುಗಳನ್ನು ಕಡಲಿನ ಅಲೆಗಳಂತೆ ತೋರಿಸಿದ ಅವರ ಚಿತ್ರ ಲೋಕಪ್ರಸಿದ್ಧ. ನೋಟಕ್ಕೆ ಅಡ್ಡಿಯಾದ ಕುರ್ಚಿ ಮೊದಲಾದ ಸಲಕರಣೆಗಳನ್ನು ಅಧಿಕಾರಿಗಳಿಗೆ ಹೇಳಿ ತೆಗೆಸುತ್ತಿದ್ದರೆಂದೂ ಪ್ರಸಿದ್ಧಿಯಿದೆ. ಎಡ್ವಿನ್ ಸ್ಮಿತ್ (೧೯೧೨-೧೯೭೧) ಅವರು ಹಳೆಯ ಮರದ ಕ್ಯಾಮೆರಾದಿಂದ ತೆಗೆದ ಹಳ್ಳಿಯ ಇಗರ್ಜಿಗಳ ಚಿತ್ರಗಳು ೧೯೫೨ರಲ್ಲಿ ಗ್ರಂಥರೂಪದಲ್ಲಿ ಬಂದುವು. ಎವನ್ಸ್ ಅವರ ಚಿತ್ರಗಳು ಕಲೆಯಾಗಿ ಅಪ್ರತಿಮವಾದರೂ, ಕುರ್ಚಿಯನ್ನು ತೆಗೆಸಿದಾಗ ಆ ಕಾಲದವರು ಆ ಕಟ್ಟಡವನ್ನು ಬಳಸುತ್ತಿದ್ದ ಬಗೆಗೆ ಇದ್ದ ಒಂದು ಆಧಾರವೂ ಹೊರಗೆ ಹೋಯಿತು ಎಂಬುದನ್ನು ಇತಿಹಾಸಕಾರನು ಗುರುತಿಸದಿರಲಾರ.

೮

ಇಷ್ಟೆಲ್ಲ ಶ್ರಮವೇಕೆ, ಫ್ಲಾಷ್ ದೀಪವನ್ನು ಬಳಸಿದರಾಗದೆ ಎಂಬ ಪ್ರಶ್ನೆ ಸಹಜ. ಕ್ಯಾಮೆರಾದ ಪಕ್ಕದಿಂದಲೇ ಹೊರಡುವ ಫ್ಲಾಷು ಗೋಡೆಗೆ ನೇರವಾಗಿ ಬಡಿದು, ನೆರಳೆಲ್ಲವನ್ನೂ ಅಳಿಸಿ, ಗೋಡೆಯನ್ನು ಚಪ್ಪಟೆಯಾದ ಕಾಗದದಂತೆ ಮಾಡುತ್ತದೆ. ದೀಪವನ್ನು ಗೋಡೆಗೆ ಸಮಾನಾಂತರವಾಗಿ ಬದಿಯಿಂದ ಓರೆಯಾಗಿ ಹಾಯಿಸಿದರೆ ಮಾತ್ರ ಫಲ ಬೇರೆ. ಆಗ ಒಂದು ದಿನದ ಗಾರೆಗೂ ಮರುದಿನದ ಗಾರೆಗೂ ನಡುವಣ ಅಂಚು, ಚಿತ್ರಕಾರನು ಮೊನೆಯಿಂದ ಗೀಚಿದ ಮಾರ್ಗರೇಖೆ, ಗೋಡೆಯಿಂದ ಬಿಟ್ಟುಬರುತ್ತಿರುವ ಪದರ ಇವೆಲ್ಲ ಎದ್ದುಕಾಣುತ್ತವೆ. ಸವೆದ ಶಾಸನವನ್ನು ಇಳಿಬಿಸಿಲಿನಲ್ಲಿ ಓದುವ ನಮ್ಮವರ ಉಪಾಯವೂ ಇದೇ ತತ್ತ್ವವನ್ನು ಅನುಸರಿಸುತ್ತದೆ. ಆದುದರಿಂದ ಸಹಜ ಬೆಳಕಿನಲ್ಲಿ ಒಂದು, ಓರೆಬೆಳಕಿನಲ್ಲಿ ಒಂದು ಚಿತ್ರ ಬೇಕು. ಮೊದಲನೆಯದು ಚಿತ್ರ ಹೇಗೆ ಕಾಣುತ್ತದೆಂಬುದನ್ನು ತಿಳಿಸುತ್ತದೆ. ಎರಡನೆಯದು ಅದನ್ನು ಹೇಗೆ ಮಾಡಿದರೆಂಬುದನ್ನು ತಿಳಿಸುತ್ತದೆ.

ಛಾಯಾಗ್ರಾಹಕನು ವಸ್ತುವಿಗೆ ಹಾನಿ ಮಾಡಬಾರದೆಂಬುದು ಎಲ್ಲಕ್ಕೂ ಮಿಗಿಲಾದ ನಿಯಮ. ಬಣ್ಣ ಎದ್ದುಕಾಣಲೆಂದು ಗೋಡೆಗೆ ನೀರು ಸವರುವುದು ಮಹಾಪರಾಧ. ನೀರು ಒಣಗುವಾಗ ಒಳಗಿನ ಲವಣಗಳು ಮೇಲೆ ಬಂದು ಹರಳುಗಟ್ಟಿ ಬಣ್ಣದ ಪದರವನ್ನು ಒಡೆಯುತ್ತವೆ. ಬಿಸಿಯಾದ ದೀಪಗಳನ್ನು ಬಹಳ ಹೊತ್ತು ಹತ್ತಿರ ಉರಿಸುವುದೂ ತೇವದ ಸಮತೋಲವನ್ನು ಕೆಡಿಸುತ್ತದೆ. ರಕ್ಷಣೆಯ ಹೆಸರಿನಲ್ಲಿ ವಾರ್ನಿಷು ಬಳಿದುದನ್ನು ಆಗಲೇ ಹೇಳಿದೆವು. ೨೦ನೆಯ ಶತಮಾನದ ಪೂರ್ವಾರ್ಧದಲ್ಲಿ ಇಂಗ್ಲೆಂಡಿನ ಅನೇಕ ಭಿತ್ತಿಚಿತ್ರಗಳಿಗೆ ಮೇಣ ಹಚ್ಚಿ, ಅದು ಗೋಡೆಯ ಉಸಿರಾಟವನ್ನು ತಡೆದುದರಿಂದ ಅನಂತರ ಕಷ್ಟಪಟ್ಟು ತೆಗೆಯಬೇಕಾಯಿತು. ಇಂತಹ ಚಿಕಿತ್ಸೆಗಳ ಮೊದಲಿನ ಸ್ಥಿತಿಗೆ ಅನೇಕ ವೇಳೆ ಹಳೆಯ ನೆಗೆಟಿವೊಂದೇ ಸಾಕ್ಷಿಯಾಗಿ ಉಳಿದಿರುತ್ತದೆ.

೯

ಮೂಲವೇ ನಾಶವಾದಾಗ ಚಿತ್ರದ ಬೆಲೆ ಇನ್ನೂ ಹೆಚ್ಚುತ್ತದೆ. ೧೯೪೦ರ ನವೆಂಬರ್ ೧೪ರ ರಾತ್ರಿ ಬಾಂಬುದಾಳಿಯಿಂದ ಕವೆಂಟ್ರಿಯ ಮಧ್ಯಯುಗದ ಮಹಾದೇಗುಲ ಸುಟ್ಟುಹೋಯಿತು. ಅಂತಹ ದಾಳಿಗಳ ಭೀತಿಯಲ್ಲಿಯೇ ೧೯೪೦-೪೧ರಲ್ಲಿ ಇಂಗ್ಲೆಂಡಿನಲ್ಲಿ ರಾಷ್ಟ್ರೀಯ ಕಟ್ಟಡ ದಾಖಲೆ ಸಂಸ್ಥೆ ಹುಟ್ಟಿತು. ಕಟ್ಟಡಗಳು ಉರುಳುವ ಮೊದಲೇ ಅವುಗಳ ಚಿತ್ರ ತೆಗೆದಿಡುವುದು ಅದರ ಉದ್ದೇಶವಾಗಿತ್ತು. ಆದರೆ ಪ್ರತಿಯೂ ಅಮರವಲ್ಲ. ಅಜಂತೆಯ ಚಿತ್ರಗಳಿಗೆ ರಾಬರ್ಟ್ ಗಿಲ್ ಅವರು ವರ್ಷಗಟ್ಟಲೆ ದುಡಿದು ಮಾಡಿದ ಪ್ರತಿಗಳಲ್ಲಿ ಹೆಚ್ಚಿನವು ೧೮೬೬ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸಿನ ಬೆಂಕಿಗೆ ಆಹುತಿಯಾದುವು. ಗ್ರಿಫಿತ್ಸ್ ಅವರ ಪ್ರತಿಗಳಲ್ಲಿ ಅನೇಕವು ೧೮೮೫ರಲ್ಲಿ ಅದೇ ನಗರದ ಸೌತ್ ಕೆನ್ಸಿಂಗ್ಟನ್ ಮ್ಯೂಸಿಯಮ್ಮಿನಲ್ಲಿ ಸುಟ್ಟುಹೋದುವು.

ಫಿಲ್ಮಿನ ಆಯುಷ್ಯ ಅದರ ಆಧಾರದ್ರವ್ಯವನ್ನು ಅವಲಂಬಿಸಿದೆ. ಹಳೆಯ ನೈಟ್ರೇಟ್ ಫಿಲ್ಮು ಸುಲಭವಾಗಿ ಹೊತ್ತಿಕೊಳ್ಳುವ ವಸ್ತು. ಅದರ ಬದಲು ಬಂದ ಅಸಿಟೇಟ್ ಫಿಲ್ಮು ಶಾಖ ಮತ್ತು ತೇವಗಳಿಂದ ಕೊಳೆತು, ವಿನಿಗರಿನ ವಾಸನೆ ಸೂಸಿ, ಮುರುಟಿಕೊಳ್ಳುತ್ತದೆ. ನಮ್ಮಂತಹ ಉಷ್ಣದೇಶದಲ್ಲಿ ಈ ರೋಗ ಬೇಗ ಹಬ್ಬುತ್ತದೆ. ಇಂದಿನ ಹಾಳೆ ಫಿಲ್ಮುಗಳಿಗೆ ಬಳಸುವ ಪಾಲಿಯೆಸ್ಟರ್ ಇವೆರಡಕ್ಕಿಂತಲೂ ಸ್ಥಿರವಾದುದು. ಸ್ಥಿರೀಕರಣಕ್ಕೆ ಬಳಸಿದ ಹೈಪೋ ದ್ರಾವಣವನ್ನು ಚೆನ್ನಾಗಿ ತೊಳೆದು, ತಂಪಾದ ಒಣ ಸ್ಥಳದಲ್ಲಿಟ್ಟ ಕಪ್ಪು-ಬಿಳುಪು ನೆಗೆಟಿವು ತಲೆಮಾರುಗಳ ಕಾಲ ಬಾಳುತ್ತದೆ. ಬಣ್ಣದ ಫಿಲ್ಮಿನ ವರ್ಣದ್ರವ್ಯಗಳು ಅಷ್ಟು ಕಾಲ ನಿಲ್ಲುವುದಿಲ್ಲ. ದೀರ್ಘಕಾಲ ನಿಲ್ಲುತ್ತಿದ್ದ ಕೊಡಾಕ್ರೋಮಿನ ತಯಾರಿಕೆ ೨೦೦೯ರಲ್ಲಿ ನಿಂತಿತು. ಇಂದು ಕಟ್ಟಡಗಳ ಚಿತ್ರಣ ಬಹುಮಟ್ಟಿಗೆ ಡಿಜಿಟಲ್ ಕ್ಯಾಮೆರಾದಿಂದಲೇ ನಡೆಯುತ್ತದೆ. ಮಂದ ಬೆಳಕಿನಲ್ಲಿ ಅದರ ಸೌಲಭ್ಯ ಹೆಚ್ಚೆಂಬುದನ್ನು ಒಪ್ಪಲೇಬೇಕು. ಆದರೂ ಯಂತ್ರದ ನೆರವಿಲ್ಲದೆ, ಕಿಟಕಿಯ ಬೆಳಕಿಗೆ ಎತ್ತಿಹಿಡಿದು ಓದಬಹುದಾದ ದಾಖಲೆಯೆಂಬ ಹಿರಿಮೆ ಫಿಲ್ಮಿಗೆ ಉಳಿದಿದೆ. ನಮ್ಮ ಪತ್ರಾಗಾರಗಳಲ್ಲಿರುವ ಹಿಂದಿನ ಒಂದೂವರೆ ಶತಮಾನದ ಸಾಕ್ಷ್ಯವಂತೂ ಪ್ಲೇಟು ಫಿಲ್ಮುಗಳ ರೂಪದಲ್ಲಿಯೇ ಇದೆ. ಅದನ್ನು ಓದುವ ವಿದ್ಯೆ ನಮಗೆ ಬೇಕೇ ಬೇಕು.

ಈ ಮಾತು ಕನ್ನಡನಾಡಿಗೂ ಅನ್ವಯಿಸುತ್ತದೆ. ಧಾರವಾಡ ಮತ್ತು ಮೈಸೂರು ಪ್ರಾಂತಗಳ ವಾಸ್ತುಶಿಲ್ಪವನ್ನು ಕುರಿತು ಪಿಗೌ, ನೀಲ್, ಬಿಗ್ಸ್ ಎಂಬುವರ ಛಾಯಾಚಿತ್ರಗಳೊಡನೆ ೧೮೬೬ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಗ್ರಂಥ ನಮ್ಮ ದೇವಾಲಯಗಳ ಅಂದಿನ ಸ್ಥಿತಿಗೆ ಅಮೂಲ್ಯವಾದ ಆಧಾರ. ಆ ಕಾಲದ ಪ್ಲೇಟುಗಳಿಗೆ ಕೆಂಪು ಕಾಣುತ್ತಿರಲಿಲ್ಲವೆಂಬುದನ್ನೂ, ಮಂದ ಬೆಳಕು ಅವಕ್ಕೆ ಸಾಲುತ್ತಿರಲಿಲ್ಲವೆಂಬುದನ್ನೂ ನೆನಪಿಟ್ಟು ಅವುಗಳನ್ನು ಓದತಕ್ಕದ್ದು.

೧೦

ಕೊನೆಯದಾಗಿ, ಒಳಾಂಗಣದ ಛಾಯಾಚಿತ್ರವೊಂದನ್ನು ಆಧಾರವಾಗಿ ಸ್ವೀಕರಿಸುವ ಮೊದಲು ಕೇಳಬೇಕಾದ ಪ್ರಶ್ನೆಗಳನ್ನು ಕ್ರೋಡೀಕರಿಸುತ್ತೇವೆ. ಚಿತ್ರವನ್ನು ಯಾವ ವರ್ಷ, ಯಾವ ತಿಂಗಳು, ಯಾವ ಹೊತ್ತಿನಲ್ಲಿ ತೆಗೆದರು? ಆ ವರ್ಷಕ್ಕೆ ಹಿಂದೆ ಅಥವಾ ಮುಂದೆ ಗೋಡೆಗೆ ಚಿಕಿತ್ಸೆ ನಡೆದಿತ್ತೇ? ಬೆಳಕು ಕಿಟಕಿಯದೋ, ದೀಪದ್ದೋ? ಫಿಲ್ಮು ಯಾವುದು, ಫಿಲ್ಟರು ಇತ್ತೇ? ಕ್ಯಾಮೆರಾ ನೆಟ್ಟಗಿತ್ತೇ, ಲೆನ್ಸಿನ ನೋಟ ಎಷ್ಟು ಅಗಲ? ಅಳತೆಗೋಲು ಇದೆಯೇ? ಕಪ್ಪಾಗಿರುವ ಭಾಗ ನಿಜವಾಗಿ ಬರಿದೋ, ಬೆಳಕು ಮುಟ್ಟದ್ದೋ? ನೋಟಕ್ಕಾಗಿ ಏನನ್ನಾದರೂ ಸ್ಥಳದಿಂದ ಸರಿಸಿದ್ದರೇ?

ಚಿತ್ರ ತೆಗೆಯುವವರು ಈ ಪ್ರಶ್ನೆಗಳಿಗೆ ಉತ್ತರವನ್ನು ನೆಗೆಟಿವಿನ ಲಕೋಟೆಯ ಮೇಲೆಯೇ ಬರೆದಿಟ್ಟರೆ, ಕಟ್ಟಡದ ನಕ್ಷೆಯಲ್ಲಿ ತಾವು ನಿಂತ ಸ್ಥಳವನ್ನು ಗುರುತುಮಾಡಿಟ್ಟರೆ, ಮುಂದಿನವರಿಗೆ ಮಹೋಪಕಾರವಾಗುತ್ತದೆ. ಇದಕ್ಕೆ ಹಿಡಿಯುವ ಹೊತ್ತು ಎರಡು ನಿಮಿಷ. ಕೆಂಪ್ಲಿಯ ಅಪೊಸ್ತಲರು ಸುಣ್ಣದ ಅಡಿಯಲ್ಲಿ ಶತಮಾನಗಳ ಕಾಲ ಅಡಗಿದ್ದು ಬದುಕಿದರು. ಹೊರಬಂದ ಮೇಲೆ ಎಂಬತ್ತು ವರ್ಷಗಳಲ್ಲಿಯೇ ಅವರನ್ನು ಉಳಿಸಲು ಶುಚಿಮಾಡಬೇಕಾಯಿತು. ಮುಂದೆ ಅವರಿಗೆ ಏನಾಗುವುದೆಂದು ಹೇಳಬಲ್ಲವರಾರು? ಆಗ ಸಾಕ್ಷಿ ಹೇಳಬೇಕಾದ ಫಿಲ್ಮು ಎಲ್ಲಿಂದ, ಎಂದು, ಹೇಗೆ ಬಂತೆಂಬುದು ತಿಳಿಯದಿದ್ದರೆ, ತೇದಿಯೂ ಊರೂ ಇಲ್ಲದ ಪಡಿಯಚ್ಚಿನಂತೆ ಅದೂ ಅರ್ಧಸಾಕ್ಷಿಯಾಗಿ ಮಾತ್ರ ಉಳಿಯುತ್ತದೆ.